ಡಾಕ್ಟ್ರು ಹೇಳಿದ ನಾಲ್ಕನೆಯ ಮಾತು

ನನ್ನ ಬೆನ್ನಿನ ಆಪರೇಷನ್ ಬಗ್ಗೆ ನನಗಿರುವ ಏಕೈಕ ದೂರೆಂದರೆ ಗಾಯ ತೀರಾ ಚಿಕ್ಕದಾಯಿತು ಎನ್ನುವುದು.

ಆಸ್ಪತ್ರೆಗೆ ಸೇರಿ, ಎಚ್ಚರ ತಪ್ಪಿಸಿಕೊಂಡು, ಬೆನ್ನುಮೂಳೆಗೇ ಕೈ ಹಾಕಿಸಿಕೊಂಡು ಬಂದವನಿಗೆ, ನೋಡಲು ಬಂದವರಿಗೆ ತೋರಿಸಲು ಗೇಣುದ್ದದ ಹೊಲಿಗೆಯಾದರೂ ಬೇಡವೇ? ನನ್ನದು ಹೆಬ್ಬೆರಳಿನ ಉಗುರಿನಷ್ಟು. ತನ್ನೂರು ಗಂಡಸಿಯಿಂದ ಎಳನೀರು ಹೊತ್ತು ಬಸ್ಸಿನಲ್ಲಿ ಬಂದ ನಮ್ಮಜ್ಜಿ ಮಹದೇವಮ್ಮ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಕೇಳಿಯೇಬಿಟ್ಟಳು:

"ಎಲ್ಲೈತ್ಲಾ ಚನ್ನೇಶ, ಗಾಯ?"

"ಅದೇ ಅಜ್ಜಿ, ಆ ಪಟ್ಟಿ ಕೆಳಗೆ."

"ಇಷ್ಟೇಯಾ? ಇದಕ್ಕೆ ನಾನು ಜೇನುಕಲ್ ಸಿದ್ದಪ್ಪಂಗೆ ಹರಕೆ ಹೊತ್ಕಂಡಿದ್ನಲ್ಲೋ! ಕಾಯಿ ಸುಲಿಯೋವಾಗ ನಂಗೆ ಇದಕ್ಕಿಂತ ದೊಡ್ಡ ಗಾಯ ಆಗೈತೆ."

ಅಂದಿನಿಂದ ಯಾರೇ ಬಂದರೂ ಆಸ್ಪತ್ರೆಯಲ್ಲಿ ಕೊಟ್ಟ ಸೊಂಟದ ಬೆಲ್ಟನ್ನು ಅಂಗಿಯ ಮೇಲೆಯೇ ಬಿಗಿದುಕೊಳ್ಳತೊಡಗಿದೆ. ಮರ್ಯಾದೆಯ ಪ್ರಶ್ನೆ.

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸ ನನ್ನದು. ಹೀಗಾಗಿ ಡಿಸ್ಕ್ ಜಾರಿದ ಸುದ್ದಿ ಕೇಳಿದವರೆಲ್ಲ, ಪಾಪ, ಮೂಟೆ ಎತ್ತಲು ಹೋಗಿರಬೇಕು ಅಂದುಕೊಂಡರು. ನಾನೂ ಅಲ್ಲವೆನ್ನಲಿಲ್ಲ. (ಮಂಚದ ಕೆಳಗೆ ಬಿದ್ದ ಮೊಬೈಲ್ ಚಾರ್ಜರ್ ಎಳೆಯಲು ಬಗ್ಗಿದ್ದೆ, ಸೀನು ಬಂತು. ನಡೆದದ್ದು ಅಷ್ಟೇ. ಸೀನಿ ಧರಾಶಾಯಿಯಾದ ವೀರರ ಪೈಕಿ ನಾನೇ ಮೊದಲಿಗನಿರಬಹುದು.)

ಸೊಂಟದಿಂದ ಹೆಬ್ಬೆರಳಿನವರೆಗೆ ಕರೆಂಟು ಹರಿಯತೊಡಗಿತು. ಹೆಚ್ಚಿನವರಿಗೆ ಮಾತ್ರೆ, ವ್ಯಾಯಾಮದಲ್ಲೇ ವಾಸಿಯಾಗುತ್ತದೆ, ಆಪರೇಷನ್ನಿಗೆ ಅವಸರ ಬೇಡ ಎಂದಿದ್ದರು ಹಾಸನದ ಡಾಕ್ಟ್ರು. ಕಾದೆವು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಅಲ್ಲೇ ಉಳಿದು ನಾನು ಮಾತ್ರ ಮನೆಗೆ ಬಂದೆನಲ್ಲ, ಕಾಲಿನಿಂದ ಕಳಚಿದ್ದೇ ಗೊತ್ತಾಗದೆ, ಆಗ ಡಾಕ್ಟ್ರ ಮುಖ ಗಂಭೀರವಾಯಿತು. "ಕಾಲಿನ ಶಕ್ತಿ ಕಮ್ಮಿ ಆಗ್ತಿದೆ. ಇನ್ನು ಕಾಯೋದು ಬೇಡ. ಬೆನ್ನು ದೊಡ್ಡದಾಗಿ ಕೊಯ್ಯಲ್ಲ. ಸಣ್ಣ ತೂತು ಮಾಡಿ, ಕೊಳವೆ ಇಳಿಸಿ, ನರ ಒತ್ತುತ್ತಿರೋ ಚೂರನ್ನ ಮಾತ್ರ ತೆಗೀತೀವಿ" ಎಂದರು. ತೆಗೆದರು. ಎಚ್ಚರವಾದಾಗ ಕಾಲಿನ ಕರೆಂಟು ಹೋಗಿತ್ತು. (ನಮ್ಮೂರಲ್ಲಿ ಕರೆಂಟು ಹೋದದ್ದಕ್ಕೆ ಸಂತೋಷಪಟ್ಟವನೂ ನಾನೊಬ್ಬನೇ.)

ಮಾರನೆಯ ದಿನವೇ ಮನೆಗೆ. ಹೊರಡುವಾಗ ನನ್ನ ಹೆಂಡತಿ ಸ್ವಾತಿ ಮಾತ್ರೆ ತರಲು ಕೆಳಗೆ ಹೋಗಿದ್ದಳು. ನಡೆದ ಅನಾಹುತಕ್ಕೆಲ್ಲ ಅದೇ ಮೂಲ.

"ನಾಲ್ಕು ಮಾತು ನೆನಪಿಡಿ" ಎಂದರು ಡಾಕ್ಟ್ರು. "ಬಗ್ಗಬೇಡಿ. ಎರಡು ಕೆಜಿ ಮೇಲೆ ಎತ್ತಬೇಡಿ. ಸೊಂಟ ತಿರುಚಬೇಡಿ. ನಾಲ್ಕನೇದು ಮುಖ್ಯ, ಮಲಗೇ ಇರಬೇಡಿ. ಇವತ್ತಿಂದಲೇ ನಡೀರಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. ಜ್ವರ ಬಂದ್ರೆ, ಗಾಯ ಸೋರಿದ್ರೆ, ಕಾಲು ಸೋತ್ರೆ, ಮೂತ್ರ ಕಟ್ಟಿದ್ರೆ ತಕ್ಷಣ ಬನ್ನಿ."

ಸ್ವಾತಿ ಬಂದು ಕೇಳಿದಳು: "ಏನಂದ್ರು ರೀ?"

"ಮೂರು ಮಾತು ಹೇಳಿದ್ರು ಕಣೇ."

ಸೋಮಾರಿತನ ಎನ್ನಬೇಡಿ; ಅರ್ಧ ಮಾತ್ರ ಅದು. ಉಳಿದರ್ಧ ಭಯ. ನಡೆದರೆ ಆ ತೂತಿನಿಂದ ಉಳಿದ ಡಿಸ್ಕೂ ಜಾರಿ, ಪೇಟೆಬೀದಿಯಲ್ಲಿ ಗೋಲಿಯ ಹಾಗೆ ಉರುಳಿಹೋದರೆ ಹುಡುಕಿ ಕೊಡುವವರಾರು?

ಹೀಗೆ ನನ್ನ ಮಂಚಾರೋಹಣ ಮಹೋತ್ಸವ ನೆರವೇರಿತು.

"ಸ್ವಾತಿ, ರಿಮೋಟು."

"ನಿಮ್ಮ ಪಕ್ಕದಲ್ಲೇ ಇದೆಯಲ್ರೀ!"

"ಪಕ್ಕಕ್ಕೆ ತಿರುಚಬೇಕಲ್ಲೇ. ನಾನ್ ಹೇಳ್ತಿಲ್ಲ, ಡಾಕ್ಟ್ರು ಹೇಳಿರೋದು."

ನೀರಿನ ಕ್ಯಾನು, ಸಂತೆ, ಗ್ಯಾಸು, ಎಲ್ಲ ಅವಳದೇ. ಬೆಳಗಾದರೆ ಹೈಸ್ಕೂಲಿನಲ್ಲಿ ಗಣಿತ ಬೇರೆ ಹೇಳಬೇಕು. ಒಂದು ಸಂಜೆ ಬಾಗಿಲಿಗೆ ಒರಗಿ ನಿಂತು ಹೇಳಿದಳು: "ಭಾನುವಾರ ಬೇಲೂರಲ್ಲಿ ನಮ್ಮ ಅಕ್ಷತಾ ನಿಶ್ಚಿತಾರ್ಥ. ಇರೋಳು ಒಬ್ಬಳೇ ತಂಗಿ. ನಿಮ್ಮನ್ನ ಹಿಂಗೆ ಬಿಟ್ಟು ಹೆಂಗ್ರೀ ಹೋಗ್ಲಿ?"

"ಫೋಟೋ ಕಳಿಸ್ತಾರೆ ಬಿಡೇ" ಎಂದೆ, ತ್ಯಾಗಮೂರ್ತಿಯಂತೆ.

ಅವಳು ಒಳಗೆ ಹೋದಳು. ಉತ್ತರವನ್ನು ಅಡುಗೆಮನೆಯ ಪಾತ್ರೆಗಳು ಕೊಟ್ಟವು. ನನಗೂ ಒಳಗೊಳಗೆ ಚುರುಕ್ ಎಂದಿತು. ಆದರೆ ಹೇಳಿಬಿಟ್ಟ ಸುಳ್ಳೂ ಜಾರಿದ ಡಿಸ್ಕಿನ ಹಾಗೇ, ತಾನಾಗಿ ಒಳಗೆ ಹೋಗುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಪದ್ಮಕುಮಾರರು ಬಂದರು. ಹಳೇಬೀಡಿನ ಜೈನರು, ನಮ್ಮ ಮಂಡಿಗೆ ಕೊಬ್ಬರಿ ಹಾಕುವವರು. ಬೆಲ್ಟು ಬಿಗಿದು, ನರಳಿಕೆಯನ್ನು ಹದಮಾಡಿಕೊಂಡು ಮಲಗಿದ್ದೆ.

"ಏನ್ ಚನ್ನೇಶ್, ಮಲ್ಕೊಂಡ್ ಬಿಟ್ಟಿದೀರಿ! ಇವತ್ತಿನ ನಡಿಗೆ ಮುಗೀತಾ?"

ನಾನು ಕಣ್ಣು ಮಿಟುಕಿಸಿದೆ.

"ಕಣ್ಣಿಗೇನಾಯ್ತು?"

"ನಡಿಗೇನಾ?" ಎಂದಳು ಕಾಫಿ ತಂದ ಸ್ವಾತಿ.

"ಹೂಂ ಕಣಮ್ಮ. ಹೋದ ವರ್ಷ ನಂಗೂ ಇದೇ ಡಾಕ್ಟ್ರೇ ಮಾಡಿದ್ದು. ಅವತ್ತೇ ಸಂಜೆ ನರ್ಸಮ್ಮ ಎಬ್ಬಿಸಿ ನಡೆಸಿದ್ರು. ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂತ ಬೈದ್ರು. ಈಗ ದಿನಾ ಬಸದಿಯಿಂದ ಕೆರೆ ಏರಿ ತನಕ ಹೋಗಿ ಬರ್ತೀನಿ."

"ಇವರಿಗೆ ಮೂರೇ ಮಾತು ಹೇಳಿದ್ದಂತೆ."

"ಬಗ್ಗಬಾರದು, ಎತ್ತಬಾರದು, ತಿರುಚಬಾರದು, ನಡೀಬೇಕು." ಪುಣ್ಯಾತ್ಮರು ಬೆರಳು ಮಡಿಚಿ ಎಣಿಸಿದರು. "ನಾಲ್ಕಾಯ್ತಲ್ಲಮ್ಮ! ಬರ್ತೀನಿ. ಹೊತ್ತು ಮುಳುಗೋದ್ರೊಳಗೆ ಮನೆ ಸೇರಿ ಊಟ ಮುಗಿಸಬೇಕು."

ಮನೆಗೆ ಬೆಂಕಿಯಿಟ್ಟು, ತಾವು ಮಾತ್ರ ವ್ರತ ತಪ್ಪದೆ ಹೊರಟುಹೋದರು.

ಸ್ವಾತಿ ಬೈಯಲಿಲ್ಲ. ಆಸ್ಪತ್ರೆಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಡಾಕ್ಟ್ರು ನಾಲ್ಕನ್ನೂ ಹೇಳಿದರು. ಬೇಲೂರಿಗೆ ಕರೆದೊಯ್ಯಬಹುದೇ ಎಂದಳು. "ಅಷ್ಟು ಹೊತ್ತು ಬಸ್ಸಲ್ಲಿ ಕೂರೋದು ಈಗ ಬೇಡ" ಎಂದು ಐದನೆಯದನ್ನೂ ಸೇರಿಸಿದರು.

ಭಾನುವಾರ ಸ್ವಾತಿ ರೇಷ್ಮೆ ಸೀರೆ ಉಟ್ಟು ಬೇಲೂರಿಗೆ ಹೊರಟಳು.

"ಅಲ್ಲಿ ಹೋಳಿಗೆ ಮಾಡಿಸ್ತಾರಂತಲ್ಲೇ..." ಎಂದೆ ಕ್ಷೀಣವಾಗಿ.

"ಫೋಟೋ ಕಳಿಸ್ತೀನಿ ಬಿಡಿ" ಎಂದಳು.

ಕಳಿಸಿದಳು. ಹೋಳಿಗೆಯ ಮೇಲೆ ತುಪ್ಪ ಹರಿಯುವುದೂ ಕಾಣುತ್ತಿತ್ತು. ನಾನು, ಸ್ವಾತಿ ಊರಿಂದ ಮತ್ತೆ ಕರೆಸಿದ್ದ ಅಜ್ಜಿಯ ಕಾವಲಿನಲ್ಲಿ ಬೀದಿಯುದ್ದಕ್ಕೂ ಹೆಜ್ಜೆ ಹಾಕುತ್ತಿದ್ದೆ. "ಇನ್ನೊಂದ್ ಸುತ್ತು ಹೋಗಿ ಬಾರ್ಲಾ! ಬೆಲ್ಟು ಅಂಗಿ ಒಳಕ್ಕೆ ಹಾಕ್ಕೋ, ಜಟ್ಟಿ ಹೊಂಟಂಗೈತೆ" ಎಂದು ಜಗಲಿಯಿಂದ ಕೂಗುತ್ತಿದ್ದಳು. ನಡುಗುತ್ತಲೇ ನಡೆದೆ. ಡಿಸ್ಕ್ ಎಲ್ಲೂ ಉರುಳಲಿಲ್ಲ. ಚಪ್ಪಲಿಯೂ ಕಾಲಲ್ಲೇ ಉಳಿಯಿತು. ಅದನ್ನೇ ನೋಡಿಕೊಂಡು ಇನ್ನೊಂದು ಸುತ್ತು ಹೋದೆ.

ಆದರೆ ಗಣಿತದ ಟೀಚರ್ ವಾಪಸ್ಸು ಬಂದಳಲ್ಲ! ದಿನಕ್ಕೆ ಹಲವು ಸಲ ನಡಿಗೆ, ಸಲಕ್ಕೆ ಎರಡು ಕೆಜಿಯೊಳಗೆ ಭಾರ: ಈ ಎರಡನ್ನೂ ಕೂಡಿಸಿದರೆ ಬರುವ ಉತ್ತರವೇ ಗಂಡ ಎಂದು ಕಂಡುಹಿಡಿದಳು. ಟೊಮೇಟೊಗೆ ಒಂದು ಸಲ. ಈರುಳ್ಳಿಗೆ ಒಂದು ಸಲ. ರಾಗಿಹಿಟ್ಟು ಬೀಸಿದ್ದಾರೋ ಎಂದು ಕೇಳಿಬರಲು ಒಂದು ಸಲ, ಬೀಸಿದ್ದನ್ನು ಕಂತಿನಲ್ಲಿ ತರಲು ನಾಲ್ಕು ಸಲ.

"ಎಲ್ಲಾ ಒಟ್ಟಿಗೇ ತಂದ್ಬಿಡ್ತೀನಿ ಕಣೇ!"

"ಅಯ್ಯೋ, ಎರಡು ಕೆಜಿ ಮೀರುತ್ತಲ್ರೀ! ನಾನ್ ಹೇಳ್ತಿಲ್ಲ, ಡಾಕ್ಟ್ರು ಹೇಳಿರೋದು."

ಆರು ವಾರದ ಮೇಲೆ ತಪಾಸಣೆಗೆ ಹೋದೆವು. ಡಾಕ್ಟ್ರು ನನ್ನ ಕಾಲು ಎತ್ತಿಸಿ, ಹಿಮ್ಮಡಿಯ ಮೇಲೆ ನಡೆಸಿ ನೋಡಿ, "ಬಹಳ ಚೆನ್ನಾಗಿ ಚೇತರಿಸಿಕೊಂಡಿದೀರಿ. ಇದರ ಗುಟ್ಟೇನು?" ಎಂದರು. ನಾನು ಗುಟ್ಟಿನ ಕಡೆ ನೋಡಿದೆ. ಗುಟ್ಟು ವಿನಯದಿಂದ ತಲೆ ತಗ್ಗಿಸಿ ನಿಂತಿತ್ತು.

"ರೀ, ಹೆಂಗಿದ್ರೂ ನಡೀಬೇಕಲ್ಲ. ಕೆಳಗೆ ಹೋಗಿ ಮಾತ್ರೆ ತಂದ್ಬಿಡಿ" ಎಂದಳು.

ತಂದೆ. ಬರುವಷ್ಟರಲ್ಲಿ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ಮೆಟ್ಟಿಲಿಳಿಯುವಾಗ ಕೇಳಿದೆ:

"ಏನಂದ್ರೇ ಡಾಕ್ಟ್ರು?"

"ನಾಲ್ಕು ಮಾತು ಹೇಳಿದ್ರು ರೀ" ಎಂದಳು ಸ್ವಾತಿ. "ಮೂರು ನಿಮಗೆ ಹೇಳ್ತೀನಿ."