ಮೊಣಕೈಯಿಂದ ತೆರೆಯುವ ಬಾಗಿಲು

ನಮ್ಮ ಬಚ್ಚಲುಮನೆ ಬಾಗಿಲಿಗೆ ಇದ್ದದ್ದು ನುಣುಪಾದ ದುಂಡು ಹಿಡಿ. ಸಂಧಿವಾತದಿಂದ ಬೆರಳು ಮಡಚಲಾಗದ ನನ್ನ ಹೆಂಡತಿ ಪ್ರೇಮಾಳಿಗೆ ಅದನ್ನು ತಿರುಗಿಸಲು ಆಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ "ರೀ, ಬಾಗಲಾ ತಗೀರಿ" ಎಂಬ ಕರೆ. "ಬಂದೆ, ಬಂದೆ. ಎಷ್ಟ್ ಸಲ ಕರೀತಿ?" ಎಂದು ಗೊಣಗುತ್ತಾ ನಾನು ಹೋಗುವುದು.

ಒಂದು ದಿನ ನಾನು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಕರಿಬೇವು ಆರಿಸುತ್ತಿದ್ದಾಗ, ಗಾಳಿಗೆ ಬಾಗಿಲು ಹಾಕಿಕೊಂಡು ಅವಳು ಅರ್ಧ ಗಂಟೆ ಒಳಗೇ ಸಿಕ್ಕಿಬಿದ್ದಳು. ನಾನು ಬಂದು ತೆಗೆದಾಗ ಕಣ್ಣು ಕೆಂಪಾಗಿತ್ತು.

"ನನ್ನ ಮನ್ಯಾಗೇ ನಾ ಕೈದಿ ಆದೆ ನೋಡ್ರಿ" ಎಂದಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಮೂವತ್ತು ವರ್ಷ ವಿಮಾನದ ಬಿಡಿಭಾಗಗಳ ನಕ್ಷೆ ಬಿಡಿಸಿದ ಶರಣಪ್ಪ ನಾನು. ಒಂದು ಬಾಗಿಲ ಹಿಡಿ ನನಗೆ ಯಾವ ಲೆಕ್ಕ?

ಮಹಾಸಂಶೋಧನೆ ಶುರುವಾಯಿತು. ಬೆರಳು ಬಾಗದವರ ಕಷ್ಟ ತಿಳಿಯಲೆಂದು ಎರಡೂ ಕೈಗೆ ಎರಡೆರಡು ಸಾಕ್ಸ್ ತೊಟ್ಟು (ಒಗೆದದ್ದೇ) ಮನೆಯ ಬಾಗಿಲುಗಳನ್ನೆಲ್ಲ ತಡಕಾಡಿದೆ.

"ಸಾಕ್ಸ್ ಯಾಕ್ರೀ? ನನ್ನ ಕೈ ಇಲ್ಲೇ ಅದಾವಲ್ಲ, ನನ್ನ ಕೇಳ್ರಿ."

"ಸುಮ್ನಿರು ಪ್ರೇಮಾ, ಇದು ವಿಜ್ಞಾನ."

ಮೊಣಕೈಯಿಂದ ಒತ್ತಿದರೆ ಸಾಕು, ಬಾಗಿಲು ತೆರೆಯಬೇಕು. ಅದಕ್ಕೆ ಗೇಣುದ್ದದ, ನೆಟ್ಟಗಿನ ಅಡ್ಡ ಹಿಡಿಯ ನಕ್ಷೆ ಬಿಡಿಸಿದೆ.

ಪ್ರೇಮಾ ಇಣುಕಿ ನೋಡಿ, "ತುದಿ ಬಾಗಲ ಕಡೆ ಬಗ್ಗಿಸ್ರಿ. ಇಲ್ಲಂದ್ರ ಸೀರಿ, ಅರಿವಿ ಎಲ್ಲಾ ಸಿಕ್ಕೊಂತದ" ಎಂದಳು.

"ಬಗ್ಗಿಸಿದ್ರ ಅದರ ಗಾಂಭೀರ್ಯ ಹೋಗತದ!"

ಶಿವಾಜಿನಗರದ ವೆಲ್ಡರ್ ಶಮೀಮ್ ಕೂಡ, "ತುದಿ ಸ್ವಲ್ಪ ಮಡಚ್ಲಾ ಸಾರ್?" ಎಂದು ಕೇಳಿದ. ಕಟ್ಟಿಕೊಂಡ ಹೆಂಡತಿಯ ಮಾತನ್ನೇ ಕೇಳದವನು ಅವನ ಮಾತು ಕೇಳುತ್ತೇನೆಯೇ?

ಶುಕ್ರವಾರ ಲೋಕಾರ್ಪಣೆ. ಹೊಸ ಹಿಡಿಗೆ ಅರಿಶಿನ, ಕುಂಕುಮ, ಸೇವಂತಿಗೆ ಹೂವು. ಮೇಲಿನ ಮನೆಯ ಪಿಳ್ಳಮ್ಮನವರೂ ಬಂದರು. ಪ್ರೇಮಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕೈಯಿಂದ ಒತ್ತಿದಳು. ಬಾಗಿಲು ತೆರೆಯಿತು. ಒಳಗೆ ಹೋಗಿ ಹಾಕಿಕೊಂಡು, ತಾನೇ ತೆರೆದು ನಗುತ್ತಾ ಹೊರಗೆ ಬಂದಳು. ನನ್ನ ಕಣ್ಣು ತುಂಬಿ ಬಂತು.

ಅವರಿಬ್ಬರೂ ಕಾಫಿಗೆಂದು ಅಡುಗೆಮನೆಗೆ ಹೋದ ಮೇಲೆ, ನನ್ನ ಸೃಷ್ಟಿಯನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ ತಿರುಗಿದೆ. ಹಿಡಿಯ ತುದಿ ನನ್ನ ಪಂಚೆಯ ಸೊಂಟದ ಮಡಿಕೆಯೊಳಗೆ ನುಗ್ಗಿತು. ಒಂದು ಹೆಜ್ಜೆ ಇಟ್ಟರೆ ಪಂಚೆ ಬಾಗಿಲಿನ ಪಾಲು. ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡವನಿಗೆ ಬಿಡಿಸಿಕೊಳ್ಳಲು ಮೂರನೆಯ ಕೈ ಎಲ್ಲಿಂದ ಬರಬೇಕು?

"ಪ್ರೇಮಾ! ಪ್ರೇಮಾ! ನೀ ಒಬ್ಬಾಕೀನೇ ಬಾ!"

ಕಾಫಿ ಲೋಟದ ಸದ್ದಿನ ಜೊತೆಗೆ, ಒಂದಿಷ್ಟೂ ಅವಸರವಿಲ್ಲದ ಧ್ವನಿ ಕೇಳಿಸಿತು:

"ಬಂದೆ, ಬಂದೆ. ಎಷ್ಟ್ ಸಲ ಕರೀತೀರಿ?"