ಮೂರಿಂಚಿನ ತೂತಿಗೆ ಅನುಮತಿ

ಎಂಬತ್ತು ವರ್ಷ ದಾಟಿದ ಮನೆಯ ಗೋಡೆಗೆ ತೂತು ಕೊರೆಯುವುದು, ಆ ಊರಿನ ಕಾನೂನಿನ ಪ್ರಕಾರ, ಹಿರಿಯರ ಮೈಮೇಲೆ ಕೈ ಮಾಡಿದ್ದಕ್ಕೆ ಸಮ. ಇದನ್ನು ನೋಡಿಕೊಳ್ಳಲೆಂದೇ ಅಲ್ಲೊಂದು ಕಚೇರಿಯಿದೆ. ಹೆಸರು, ಹಳೆಮನೆಗಳ ಗೌರವ ಸಂರಕ್ಷಣಾ ಕಚೇರಿ. ಕಳೆದ ನಲವತ್ತು ವರ್ಷಗಳಲ್ಲಿ ಅದು ಒಂದೇ ಒಂದು ಅರ್ಜಿಯನ್ನೂ ತಿರಸ್ಕರಿಸಿಲ್ಲ. ಮಂಜೂರು ಮಾಡಿದ ದಾಖಲೆಯೂ ಇಲ್ಲ, ಅದು ಬೇರೆ ಮಾತು.

ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಕನ್ನಡಕದಯ್ಯನ ಮನೆಗೆ ಎಂಬತ್ತೊಂದು. ಅವನ ತಾಯಿಗೂ ಎಂಬತ್ತೊಂದು. ತಾಯಿಯ ಅಪ್ಪ ಕಟ್ಟಿಸಿದ ಮನೆ ಅದು. ಗಿಲಾವು ಒಣಗುವ ಮೊದಲೇ ಆಕೆ ಅದರಲ್ಲಿ ಹುಟ್ಟಿದ್ದರಂತೆ. ಮನೆಯನ್ನು ಕಾಯಲು ಕಚೇರಿಯಿತ್ತು. ತಾಯಿಯನ್ನು ಕಾಯಲು ಅಂಥದ್ದೇನೂ ಇರಲಿಲ್ಲವಾದ್ದರಿಂದ ಮಗ ಸೊಸೆಯೇ ನೋಡಿಕೊಳ್ಳುತ್ತಿದ್ದರು.

ಮುದುಕಿಯ ಎದೆ ಸರಿಯಿರಲಿಲ್ಲ. ಚಳಿ ಬಿದ್ದರೆ ಉಸಿರು ಸೀಟಿ ಹೊಡೆಯುತ್ತಿತ್ತು, ಸೆಕೆ ಏರಿದರೆ ಉಸಿರೇ ಸಿಗುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಎರಡು ಸಲ ಕುರ್ಚಿಯಲ್ಲಿ ಕೂರಿಸಿಕೊಂಡೇ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಡಾಕ್ಟರು ಈ ಸಲ ನೇರವಾಗಿಯೇ ಹೇಳಿದರು.

"ನೋಡಿ, ಚಳಿಗಾಲ ದಾಟಿಸಿದ್ರಿ, ಸಂತೋಷ. ಬರೋ ಬೇಸಿಗೇನ ಆ ಕೋಣೇಲಿ ದಾಟಿಸೋಕೆ ಆಗಲ್ಲ. ಕೋಣೆ ವರ್ಷಪೂರ್ತಿ ಒಂದೇ ಹದದಲ್ಲಿರಬೇಕು. ಇಲ್ಲ ಅಂದ್ರೆ ಇವರನ್ನ ಕಳಕೋತೀರಿ."

ಕನ್ನಡಕದಯ್ಯ ಬೆರಳು ಮಡಿಸಿ ಎಣಿಸಿದ. ಬೇಸಿಗೆಗೆ ಇನ್ನು ಎರಡೇ ತಿಂಗಳಿತ್ತು.

ಹೊಸ ಮನೆಗಳಲ್ಲಾದರೆ ಸೂರಿನೊಳಗೆ ದೊಡ್ಡ ದೊಡ್ಡ ಗಾಳಿಕೊಳವೆ ಓಡಿಸಿ ಇಡೀ ಮನೆಯನ್ನು ತಂಪು ಮಾಡುತ್ತಾರೆ, ಬೆಚ್ಚಗೂ ಮಾಡುತ್ತಾರೆ. ಹಳೆಯ ಮನೆಯ ಮರದ ತೊಲೆಗಳ ನಡುವೆ ಕೊಳವೆ ತೂರಿಸಲು ಹೋದರೆ ಸೂರೇ ತಲೆಮೇಲೆ ಬರುತ್ತದೆ. ಹಾಗಾಗಿ ಕೊಳವೆಯ ಗೊಡವೆಯಿಲ್ಲದ, ಗೋಡೆಗೆ ಒಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ ಇರುವಂಥ ಯಂತ್ರವೇ ಬೇಕಾಯಿತು. ಬಿಸಿಯನ್ನೂ ತಂಪನ್ನೂ ಕೊಡುವಂಥದ್ದು.

ಮೊದಲು ಬಂದ ಅಂಗಡಿಯವನು ಬಾಗಿಲಲ್ಲೇ ನಿಂತು, ನಡುಮನೆಗೆ ಒಂದು ದೊಡ್ಡದು ಹಾಕಿ, ಗಾಳಿಗೆ ದಾರಿ ತೋರಿಸಬೇಕಾಗಿಲ್ಲ, ಅದೇ ಹುಡುಕಿಕೊಂಡು ಹೋಗುತ್ತದೆ ಎಂದ. ಎರಡನೆಯವನು ಬಲು ನಾಜೂಕಿನ ಮನುಷ್ಯ. ಕೋಣೆ ಕೋಣೆ ಎಣಿಸಿದ, ಬಚ್ಚಲನ್ನೂ ಎಣಿಸಿದ, ಅಟ್ಟವನ್ನೂ ಎಣಿಸಿದ, ಒಟ್ಟು ಒಂಬತ್ತು ಯಂತ್ರ ಬೇಕೆಂದ. ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಎಂದು ಸೊಸೆ ಅಡುಗೆಮನೆಯಿಂದಲೇ ಅಂದಳು. ಅವನು ಅದನ್ನು ಹೊಗಳಿಕೆಯೆಂದು ತಿಳಿದು ನಕ್ಕ.

ಮೂರನೆಯದಾಗಿ ಬಂದವಳು ಒಬ್ಬ ಮೆಕ್ಯಾನಿಕ್ ಹೆಂಗಸು. ಮಾತೇ ಕಮ್ಮಿ. ಟೇಪು ಹಿಡಿದು ಅಮ್ಮನ ಕೋಣೆಯ ಉದ್ದ ಅಗಲ ಅಳೆದಳು, ಎತ್ತರವನ್ನೂ ಅಳೆದಳು, ಬಿಸಿಲು ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬೀಳುತ್ತದೆಂದು ಕೇಳಿದಳು. ಆಮೇಲೆ ತೆಳ್ಳನೆಯ ಕಾಗದದ ಚೂರೊಂದನ್ನು ಕಿಟಕಿಯ ಸಂದಿಗೆ ಹಿಡಿದಳು. ಕಾಗದ ಪಟಪಟ ಹೊಡೆದುಕೊಂಡಿತು.

"ಮೊದಲು ಈ ಸಂದುಗೊಂದು ಮುಚ್ಚಿಸಿ ಸಾರ್. ಆಮೇಲೆ ಈ ಕೋಣೆಗೆ ಒಂದು ಚಿಕ್ಕ ಯಂತ್ರ ಸಾಕು. ದೊಡ್ಡದು ಹಾಕಿದ್ರೆ ಬೇಗ ತಂಪು ಮಾಡಿ ನಿಂತುಬಿಡುತ್ತೆ, ಮತ್ತೆ ಸೆಕೆ, ಮತ್ತೆ ತಂಪು. ಅಮ್ಮಂಗೆ ಅದು ಒಳ್ಳೇದಲ್ಲ. ಗೋಡೇಲಿ ಮೂರಿಂಚಿನ ಒಂದು ತೂತು ಬೇಕು, ಅಷ್ಟೇ. ಹೊರಗಡೆಗೆ ಸ್ವಲ್ಪ ಇಳಿಜಾರಾಗಿ."

ಕನ್ನಡಕದಯ್ಯನಿಗೆ ಅವಳ ಮಾತು ಹಿಡಿಸಿತು. ಎಷ್ಟು ಬೇಕೋ ಅಷ್ಟೇ ನಂಬರಿನ ಗಾಜು ಕೊಡುವುದು ಅವನ ಕಸುಬೂ ಆಗಿತ್ತು. ಅವತ್ತೇ ಯಂತ್ರ ಕೊಂಡ. ಸೊಸೆ ಎರಡು ದಿನ ಕೂತು ಕಿಟಕಿಗಳ ಸಂದಿಗೆಲ್ಲ ಉಣ್ಣೆಪಟ್ಟಿ ಒತ್ತಿದಳು. ಉಳಿದದ್ದು ತೂತೊಂದೇ. ಅದಕ್ಕೆ ಅನುಮತಿ ಕೇಳಲು ಅವನು ಕಚೇರಿಗೆ ಹೋದ.

ಅರ್ಜಿ ಹನ್ನೊಂದು ಪುಟದ್ದು. ಸಂಬಂಧಪಟ್ಟ ಗೋಡೆಯು ಇದಕ್ಕೆ ಮುಂಚೆ ಯಾವುದಾದರೂ ತೂತನ್ನು ಅನುಭವಿಸಿದೆಯೇ, ಹೌದಾದರೆ ಯಾವ ಮನಸ್ಥಿತಿಯಲ್ಲಿ, ಎಂದೊಂದು ಪ್ರಶ್ನೆಯಿತ್ತು. ಯಂತ್ರವು ಹೊರಡಿಸುವ ಸದ್ದನ್ನು ಮನೆ ಕಟ್ಟಿದ ಕಾಲದವರು ಕೇಳಿದ್ದರೇ, ಎಂದು ಇನ್ನೊಂದು. ಕನ್ನಡಕದಯ್ಯ ಪ್ರಾಮಾಣಿಕ. ಗೊತ್ತಿಲ್ಲ ಎಂದು ಬರೆದ. ಗೊತ್ತಿಲ್ಲ ಎಂಬುದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಬೇಕೆಂದರು. ಅದನ್ನೂ ತಂದ. ಒಂದು ತಿಂಗಳು ಹೀಗೇ ಕರಗಿತು.

ಕಡೆಗೆ ಅಧೀಕ್ಷಕರು ಬರಹೇಳಿದರು. ದೊಡ್ಡ ಮನುಷ್ಯರು, ಹಣೆಯ ಬೆವರೊರೆಸುತ್ತಲೇ ಎದ್ದು ನಿಂತು ಕುರ್ಚಿ ಕೊಟ್ಟರು. ಆ ಕಚೇರಿಯಲ್ಲಿ ಯಾರೂ ಯಾರನ್ನೂ ಗದರುವುದಿಲ್ಲ, ಅದನ್ನು ಹೇಳಲೇಬೇಕು. ತಾಯಿಯ ವಿಷಯ ಕೇಳಿ ಅವರು ನಿಜಕ್ಕೂ ಮರುಗಿದರು. ಹದಿನಾಲ್ಕನೆಯ ನಿಯಮ ಅಂತ ಒಂದಿದೆ, ಅದು ಅರ್ಜಿದಾರರ ಅನುಕೂಲಕ್ಕೇ ಇರುವುದು ಎಂದು ಪುಸ್ತಕ ತೆರೆದು ಓದಿದರು.

"ಹಳೆಮನೆಗೆ ಸೇರಬಯಸುವ ಯಾವುದೇ ಹೊಸ ವಸ್ತುವು ಮೊದಲು ಒಂದು ಬೇಸಿಗೆ, ಒಂದು ಚಳಿಗಾಲ ಕಚೇರಿಯಲ್ಲಿದ್ದು ತನ್ನ ನಡತೆಯನ್ನು ತೋರಿಸತಕ್ಕದ್ದು."

ಕನ್ನಡಕದಯ್ಯ ಹುಬ್ಬೇರಿಸಿದ. ಇಲ್ಲಿ ಅದನ್ನು ಕೂರಿಸಬೇಕಾದರೂ ಗೋಡೆಗೆ ತೂತು ಬೇಕಲ್ಲ, ಈ ಕಟ್ಟಡವೂ ಹಳೆಯದೇ ಅಲ್ಲವೇ ಎಂದು ಕೇಳಿದ. ಅಧೀಕ್ಷಕರು ಅವನ ಕಡೆ ಮೆಚ್ಚುಗೆಯಿಂದ ನೋಡಿದರು. ಕಟ್ಟಡಕ್ಕೆ ಎಪ್ಪತ್ತೊಂಬತ್ತು ವರ್ಷ ಎಂಟು ತಿಂಗಳು, ಇನ್ನು ನಾಲ್ಕು ತಿಂಗಳಿಗೆ ಎಂಬತ್ತಾಗುತ್ತದೆ, ಆಮೇಲೆ ದೇವರೇ ಬಂದು ಕೇಳಿದರೂ ಕೊರೆಯಲಾಗುವುದಿಲ್ಲ, ಆದ್ದರಿಂದ ತಡ ಮಾಡಬಾರದು ಎಂದರು.

ತಡ ಮಾಡಲೂ ಇಲ್ಲ. ನಲವತ್ತು ವರ್ಷದಲ್ಲಿ ಆ ಕಚೇರಿಯಲ್ಲಿ ಒಂದು ಕೆಲಸ ಒಂದೇ ದಿನದಲ್ಲಿ ಮುಗಿದದ್ದು ಅದೇ ಮೊದಲು. ಬೆಳಿಗ್ಗೆ ಮೆಕ್ಯಾನಿಕ್ ಹೆಂಗಸು ಬಂದು ಅಧೀಕ್ಷಕರ ಕೋಣೆಯ ಗೋಡೆಗೆ ಮೂರಿಂಚಿನ ತೂತು ಕೊರೆದಳು, ಹೊರಗಡೆಗೆ ಸ್ವಲ್ಪ ಇಳಿಜಾರಾಗಿ. ಮಧ್ಯಾಹ್ನದ ಹೊತ್ತಿಗೆ ಅಧೀಕ್ಷಕರ ಬೆವರು ನಿಂತಿತ್ತು. ಯಂತ್ರದ ನಡತೆ ಬರೆಯಲು ಒಂದು ರಿಜಿಸ್ಟರು ತೆರೆದರು. ಮೊದಲ ದಿನದ ನಮೂದು ಹೀಗಿತ್ತು: ವಿನಯಶೀಲ, ಮಿತಭಾಷಿ, ಹಿರಿಯ ಅಧಿಕಾರಿಗಳ ಕಡೆ ಮುಖ ಮಾಡಿರುತ್ತದೆ.

ಬೇಸಿಗೆ ಬಂತು. ಉಣ್ಣೆಪಟ್ಟಿ ಒತ್ತಿದ ಕೋಣೆಯೊಳಗೆ ಈಗ ಇದ್ದ ಗಾಳಿಯೂ ಆಡದೆ ಮುದುಕಿ ಬಾಯಿ ಬಾಯಿ ಬಿಟ್ಟರು. ಮಾತಾಡಲು ಹೋದರೆ ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಮೂರು ಉಸಿರು ಬೇಕಾಗುತ್ತಿತ್ತು. ಕನ್ನಡಕದಯ್ಯ ಅಂಗಡಿ ಮುಚ್ಚಿ ಕಚೇರಿಗೆ ಓಡಿದ. ನನ್ನ ಯಂತ್ರ ನನಗೆ ಕೊಡಿ, ಅಮ್ಮ ಉಳಿಯುವುದಿಲ್ಲ ಎಂದ.

ಅಧೀಕ್ಷಕರ ಕಣ್ಣಲ್ಲಿ ನೀರಾಡಿತು. ಯಂತ್ರವನ್ನು ನಡುವೆ ಕಿತ್ತರೆ ಅವಲೋಕನ ಮೊದಲಿನಿಂದ ಶುರುವಾಗುತ್ತದೆ, ಅದು ನಿಮಗೇ ನಷ್ಟ ಎಂದು ಸಮಾಧಾನ ಹೇಳಿದರು. ಆದರೆ ಯಂತ್ರ ಯಾರಿಗಾಗಿ ಬಂದಿದೆಯೋ ಆ ಫಲಾನುಭವಿ ಅವಲೋಕನದ ವೇಳೆ ಹಾಜರಿರಬಾರದೆಂದು ಎಲ್ಲೂ ಬರೆದಿಲ್ಲ ಎಂದೂ ಹೇಳಿದರು. ಮಾರನೆಯ ದಿನ ಹತ್ತು ಗಂಟೆಗೆ ಅಮ್ಮನನ್ನು ಕುರ್ಚಿ ಸಮೇತ ತಂದು ಯಂತ್ರದೆದುರು ಕೂರಿಸಿದರು.

ಹನ್ನೊಂದರ ಹೊತ್ತಿಗೆ ಉಸಿರಿನ ಸೀಟಿ ನಿಂತಿತು. ಹನ್ನೆರಡಕ್ಕೆ ಅಮ್ಮ ಒಂದೇ ಉಸಿರಿಗೆ, "ಇಲ್ಲಿ ಚಹಾ ಕೊಡೋ ಪದ್ಧತಿ ಇಲ್ವಾ?" ಎಂದು ಕೇಳಿದರು. ಕನ್ನಡಕದಯ್ಯನಿಗೆ ಎಷ್ಟು ಸಂತೋಷವಾಯಿತೆಂದರೆ ಅಧೀಕ್ಷಕರ ಎರಡೂ ಕೈ ಹಿಡಿದುಕೊಂಡು ನಿಮ್ಮ ಉಪಕಾರ ಮರೆಯುವುದಿಲ್ಲ ಎಂದ. ಯಂತ್ರ ತನ್ನದೇ ಎಂಬುದು ನೆನಪಾದದ್ದು ಮೆಟ್ಟಿಲಿಳಿದ ಮೇಲೆ.

ಅಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಲೈನು ಜೋಡಿಸಿ ನಿವೃತ್ತರಾದವರು. ಆ ಕೋಣೆಯ ಫೋನು ಇಡೀ ದಿನ ಹೊಡೆದುಕೊಳ್ಳುತ್ತಿತ್ತು, ಎತ್ತುವ ಪದ್ಧತಿ ಇರಲಿಲ್ಲ. ಮೂರನೆಯ ದಿನ ಅಮ್ಮ ತಡೆಯಲಾರದೆ ಎತ್ತಿದರು. ಕರೆ ಮಾಡಿದವನು ಬೆಚ್ಚಿಬಿದ್ದು ಫೋನಿಟ್ಟುಬಿಟ್ಟ. ಒಂದು ವಾರದಲ್ಲಿ ಜನಕ್ಕೆ ರೂಢಿಯಾಯಿತು. ಅಮ್ಮ ಒಬ್ಬರಿಗೂ ಆಗುವುದಿಲ್ಲ ಎನ್ನುತ್ತಿರಲಿಲ್ಲ. ಕಾಯುತ್ತಿರಿ ಎನ್ನುತ್ತಿದ್ದರು, ಅದೂ ಎಂಥ ದನಿಯಲ್ಲಿ ಅಂದರೆ, ಕಾದವರೇ ಥ್ಯಾಂಕ್ಸ್ ಹೇಳಿ ಫೋನಿಡುತ್ತಿದ್ದರು. ನಲವತ್ತು ವರ್ಷದಿಂದ ಕಚೇರಿ ಹುಡುಕುತ್ತಿದ್ದದ್ದು ಇಂಥ ದನಿಯನ್ನೇ ಎಂದು ಗುಮಾಸ್ತರು ಬೆರಗಾದರು.

ಗುಮಾಸ್ತರೆಲ್ಲ ಅಷ್ಟು ಹೊತ್ತಿಗೆ ಮೇಜು ಕುರ್ಚಿ ಎಳೆದುಕೊಂಡು ಅದೇ ಕೋಣೆಗೆ ಬಂದಿದ್ದರು. ಭಾನುವಾರ ಒಂದು ತೊಡಕಾಯಿತು. ಕಚೇರಿಗೆ ಬೀಗ, ಅಮ್ಮನಿಗೆ ಮನೆಯಲ್ಲಿ ಉಬ್ಬಸ. ಸೋಮವಾರವೇ ಒಂದು ಪ್ರಕಟಣೆ ಗೋಡೆಗೆ ಬಿತ್ತು:

"ಯಂತ್ರಕ್ಕೆ ರಜೆಯ ಪರಿಜ್ಞಾನ ಇಲ್ಲದಿರುವುದರಿಂದ ಅವಲೋಕನವು ಹಗಲಿರುಳೆನ್ನದೆ ನಡೆಯತಕ್ಕದ್ದು. ಫಲಾನುಭವಿಯ ಮಂಚ, ಹಾಸಿಗೆ ಹಾಗೂ ಔಷಧಿ ಡಬ್ಬಿಯನ್ನು ಕಚೇರಿಯ ಪೀಠೋಪಕರಣವೆಂದು ಪರಿಗಣಿಸಲಾಗಿದೆ."

ಸೊಸೆ ಅತ್ತೆಯ ಸೀರೆಗಳನ್ನು ಮಡಿಸಿ ಕಳಿಸಿಕೊಟ್ಟಳು. ಮಳೆಗಾಲದ ಹೊತ್ತಿಗೆ, ಅರ್ಜಿಗಳನ್ನು ತೀರ್ಮಾನಿಸುವ ಕಚೇರಿಯ ಸಮಿತಿಯಲ್ಲಿ ಬಹುಕಾಲದಿಂದ ಖಾಲಿ ಬಿದ್ದಿದ್ದ ಒಂದು ಸದಸ್ಯ ಸ್ಥಾನಕ್ಕೆ ಅಮ್ಮನನ್ನು ನೇಮಿಸಿದರು. ಹಳೆಯದರ ಬಗ್ಗೆ ಅನುಭವವಿರಬೇಕೆಂಬುದೊಂದೇ ಅರ್ಹತೆಯಾಗಿತ್ತು. ಕನ್ನಡಕದಯ್ಯ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡ. ಸುಳ್ಳು ಯಾಕೆ, ಹೆಮ್ಮೆಯಾಗಿತ್ತು. ಆದರೆ ಬೆಳಿಗ್ಗೆ ಎದ್ದು ಅಮ್ಮನ ಕೋಣೆಯ ಬಾಗಿಲು ನೂಕಿ ಇಣುಕುವ ಅಭ್ಯಾಸ ಬಿಟ್ಟಿರಲಿಲ್ಲ. ಚಳಿಗಾಲ ಮುಗಿಯಲಿ, ಯಂತ್ರವೂ ಬರುತ್ತದೆ, ಅಮ್ಮನೂ ಬರುತ್ತಾರೆ ಎಂದು ದಿನ ಎಣಿಸುತ್ತಿದ್ದ.

ಚಳಿಗಾಲ ಮುಗಿಯಿತು. ಅರ್ಜಿ ವಿಚಾರಣೆಗೆ ಬಂತು. ಅವತ್ತು ಸೊಸೆ ಅತ್ತೆಯ ಕೋಣೆ ಗುಡಿಸಿ, ಹಾಸಿಗೆ ಹಾಸಿಟ್ಟಿದ್ದಳು. ಕನ್ನಡಕದಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೋಕನ್ ಹಿಡಿದು, ಸಮಿತಿಯ ಎದುರು ನಿಂತ. ಅಧೀಕ್ಷಕರ ಪಕ್ಕದಲ್ಲಿ ಅಮ್ಮ ಕೂತಿದ್ದರು. ಮೈಕೈ ತುಂಬಿಕೊಂಡಿತ್ತು, ಕೆನ್ನೆಗೆ ಬಣ್ಣ ಬಂದಿತ್ತು. ಫೈಲಿನ ಹನ್ನೊಂದು ಪುಟವನ್ನೂ ಆಕೆ ನಿಧಾನಕ್ಕೆ ಓದಿದರು. ಓದಲು ಹಾಕಿಕೊಂಡಿದ್ದು ಅವನೇ ಮಾಡಿಕೊಟ್ಟ ಕನ್ನಡಕ.

"ಯಂತ್ರದ ನಡತೆ ಬಗ್ಗೆ ನಮ್ಮ ತಕರಾರಿಲ್ಲ," ಅಂದರು ಅಮ್ಮ. "ಆದ್ರೆ ಈಗ ಈ ಕಟ್ಟಡಕ್ಕೆ ಎಂಬತ್ತು ತುಂಬಿದೆ. ಯಂತ್ರ ತೆಗೆದ್ರೆ ಗೋಡೇಲಿ ತೂತು ಉಳಿಯುತ್ತೆ. ಅದನ್ನ ಮುಚ್ಚೋ ಹಾಗಿಲ್ಲ, ಯಾಕಂದ್ರೆ ಎಂಬತ್ತು ವರ್ಷದ ಗೋಡೇನ ಮುಟ್ಟಬಾರದು. ತೆರೆದಿಡೋ ಹಾಗೂ ಇಲ್ಲ, ಗೋಡೆಗೆ ಗೌರವ ಅಲ್ಲ. ಅದಕ್ಕೆ ಯಂತ್ರ ಇದ್ದಲ್ಲೇ ಇರಬೇಕು."

ಅಮ್ಮ, ಮನೆಗೆ ಬರಲ್ವಾ, ಎಂದಷ್ಟೇ ಕೇಳಿದ ಕನ್ನಡಕದಯ್ಯ.

ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಿ ನನಗೆ ಉಸಿರಾಡೋಕಾಗಲ್ಲ ಕಣೋ. ಇಲ್ಲಿ ಆಗುತ್ತೆ. ನನ್ನ ಮಗ ಅಂತ ಒಬ್ಬನಿಗೆ ಒಂದು ನಿಯಮ, ಊರಿಗೊಂದು ನಿಯಮ ಮಾಡೋಕಾಗುತ್ತಾ? ನೀನೇ ಬಂದು ಹೋಗ್ತಾ ಇರು."

ಮನೆಗೆ ಇನ್ನೊಂದು ಯಂತ್ರ ತರುತ್ತೇನೆ ಎಂದ ಅವನು. ಅಗತ್ಯವಾಗಿ ತನ್ನಿ, ಅದನ್ನೂ ಒಂದು ಬೇಸಿಗೆ ಒಂದು ಚಳಿಗಾಲ ಇಲ್ಲಿ ನೋಡೋಣ, ಈಗ ಈ ಕಟ್ಟಡಕ್ಕೆ ಎಂಬತ್ತಾದರೂ ಕಚೇರಿಯ ಹಿತ್ತಲಿನ ಹೊಸ ಕಟ್ಟಡಕ್ಕೆ ಬರೀ ಮೂವತ್ತು ಎಂದರು ಅಧೀಕ್ಷಕರು. ಆದೇಶದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕೆಳಗೆ ಅಮ್ಮನ ಸಹಿ. ಕೈ ಒಂದು ಚೂರೂ ನಡುಗಿರಲಿಲ್ಲ. ಆ ಸಹಿಯನ್ನು ನೋಡಿ ಅವನಿಗೆ ಅಳು ಬಂತು, ಸಮಾಧಾನವೂ ಆಯಿತು. ಯಾವುದು ಎಷ್ಟು ಎಂದು ಅವನು ಅಳೆಯಲು ಹೋಗಲಿಲ್ಲ.

ಈಗ ಬುಧವಾರ ಬುಧವಾರ ಮಧ್ಯಾಹ್ನ ಮೂರರಿಂದ ಮೂರೂ ಇಪ್ಪತ್ತರವರೆಗೆ ಅವನಿಗೆ ಭೇಟಿಯ ವೇಳೆ. ಸೊಸೆ ಅತ್ತೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಡೋಣವೆಂದದ್ದಕ್ಕೆ, ವಾಸವಿಲ್ಲದ ಕೋಣೆಯೇ ಅತ್ಯುತ್ತಮ ಸಂರಕ್ಷಿತ ಕೋಣೆ, ಹಾಗೆಯೇ ಬಿಡತಕ್ಕದ್ದು ಎಂದು ಕಚೇರಿಯಿಂದ ಪತ್ರ ಬಂತು. ಆ ಬೀದಿಯ ಹಳೆಯ ಮನೆಗಳಲ್ಲಿ ಈಗ ಇದನ್ನು ಬಿಟ್ಟು ಅಂಥ ಕೋಣೆಗಳು ಏಳಾಗಿವೆ. ಹಿತ್ತಲಿನ ಕಟ್ಟಡದಲ್ಲಿ ಏಳು ಯಂತ್ರ, ಏಳು ಮಂಚ. ಗೋಡೆಗಳೆಲ್ಲ ಕ್ಷೇಮ.

ಮೊನ್ನೆ ಪಕ್ಕದ ಮನೆಯಾತ ಅಂಗಡಿಗೆ ಬಂದ. ಅಪ್ಪನಿಗೆ ಸೆಕೆ ತಡೆಯುವುದಿಲ್ಲ, ಎಂಥ ಯಂತ್ರ ಕೊಳ್ಳಲಿ ಎಂದು ಕೇಳಿದ. ಕನ್ನಡಕದಯ್ಯ ಗಾಜು ಒರೆಸುವುದನ್ನು ನಿಲ್ಲಿಸಿ ಎಲ್ಲ ವಿವರವಾಗಿ ಹೇಳಿದ. ಚಿಕ್ಕದೇ ಸಾಕು, ಸದ್ದು ಕಡಿಮೆ ಇರಲಿ, ಬಿಸಿ ತಂಪು ಎರಡೂ ಇರಲಿ, ಅಳೆಯಲು ಆ ಮೆಕ್ಯಾನಿಕ್ ಹೆಂಗಸನ್ನೇ ಕರೆಸಿ ಎಂದ.

"ಎಲ್ಲಿ ಅಳೆಸಲಿ? ಅಪ್ಪನ ಕೋಣೇಲಾ?"

"ಅಳತೆ ಕಚೇರೀಲಿ ತೆಗೆಸಿ," ಎಂದ ಕನ್ನಡಕದಯ್ಯ. "ಆದ್ರೆ ಅರ್ಜಿ ಮಾತ್ರ ಮನೆಗೆ ಅಂತಲೇ ಬರೀರಿ. ಕಚೇರಿಗೆ ಅಂತ ಬರೆದ್ರೆ ತಗೊಳ್ಳಲ್ಲ."

ಪಕ್ಕದ ಮನೆಯಾತ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ.