ಕೈಯಿಟ್ಟವರೆಲ್ಲ ಗೆಲ್ಲುತ್ತಿದ್ದ ಕಾರು

ಹಳೆಯ ಕಾರು ಇಟ್ಟುಕೊಂಡವನಿಗೆ ಏನಿಲ್ಲದಿದ್ದರೂ ಸಲಹೆಗೆ ಬರವಿಲ್ಲ. ಬೇಕಿದ್ದರೆ ಒಮ್ಮೆ ಬಾನೆಟ್ ಎತ್ತಿ ರಸ್ತೆ ಬದಿಯಲ್ಲಿ ನಿಂತು ನೋಡಿ. ಹಲ್ಲುನೋವು ಎಂದು ಹೇಳಿಕೊಂಡವನಿಗೂ ಅಷ್ಟು ಔಷಧಿ ಸಿಕ್ಕಿರಲಾರದು. ನಮ್ಮ ಸಿದ್ದಾಪುರದಲ್ಲಂತೂ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, "ಎಂತಾತು?" ಎಂದು ಬಗ್ಗಿ ನೋಡದೆ ಮುಂದೆ ಹೋದವನನ್ನು ನಾನು ಕಂಡಿಲ್ಲ.

ನನ್ನ ಕಾರಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸಾಧು ಹಸುವಿನ ಹಾಗೆ ಹೊರಡುವುದು. ಒಂದಿಷ್ಟು ದೂರ ಹೋದ ಮೇಲೆ, ಅದೂ ಏರಿನಲ್ಲಿ, ಎರಡು ಸಲ ಕೆಮ್ಮಿ ನಿಂತುಬಿಡುವುದು. ಆಮೇಲೆ ಎಷ್ಟು ಕೀಲಿ ತಿರುಗಿಸಿದರೂ ಕರ್‌ಕರ್ ಎನ್ನುವುದೇ ಹೊರತು ಹೊತ್ತಿಕೊಳ್ಳದು. ಮೊದಲ ಸಲ ನಿಂತಾಗ ಪಕ್ಕದ ಮನೆಯ ಗಣಪತಣ್ಣ ಪೆಟ್ರೋಲಿನಲ್ಲಿ ಕಸವಿದೆ ಎಂದು ಪೈಪು ಬಿಚ್ಚಿ ಊದಿದ. ಹೊರಟಿತು. ಮತ್ತೊಮ್ಮೆ ನಿಂತಾಗ ನನ್ನ ಭಾವ ಬ್ಯಾಟರಿಯ ತುದಿಗಳನ್ನು ಉಜ್ಜಿದ. ಹೊರಟಿತು. ಶಿರಸಿಯ ಗ್ಯಾರೇಜಿನ ಇಸ್ಮಾಯಿಲ್ ಭಾಯಿ ಪ್ಲಗ್ಗುಗಳನ್ನೇ ಬದಲಿಸಿದರು. ನಾನೂ ಒಮ್ಮೆ ಸಿಟ್ಟಿನಲ್ಲಿ ಟೈರಿಗೆ ಒದ್ದೆ. ಅದಕ್ಕೂ ಹೊರಟಿತು! ಅಂದಿನಿಂದ ಒದೆಯನ್ನೂ ಚಿಕಿತ್ಸೆಗಳ ಸಾಲಿಗೆ ಸೇರಿಸಿಕೊಂಡೆ. ಹೀಗೆ ಕೈಯಿಟ್ಟವರೆಲ್ಲ ಗೆದ್ದರು. ಕಾರು ಮಾತ್ರ ನಿಲ್ಲುವುದನ್ನು ಬಿಡಲಿಲ್ಲ.

ಇಂಥ ಕಾರಿನಲ್ಲಿ ಹೆಂಡತಿ ಸುಮನಾಳನ್ನು ಯಲ್ಲಾಪುರಕ್ಕೆ ಕರೆದುಕೊಂಡು ಹೊರಟೆ. ಊರಿನ ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಹಾಡಿದವಳು ಅವಳು. ಮುಂದೆ ಕೂರಿಸಿದರೆ ಸ್ವರ ಒಳಗೇ ಉಳಿಯುತ್ತದೆ ಎಂದು ಯಾವಾಗಲೂ ಜಾರಿಕೊಳ್ಳುತ್ತಿದ್ದಳು. ಅಂಥವಳು ಅಲ್ಲಿಯ ಸಂಗೀತ ಸಭೆಯಲ್ಲಿ ಒಬ್ಬಳೇ ಕೂತು ಹಾಡಲು ಒಪ್ಪಿದ್ದಳು. "ಬಸ್ಸಿಗೇ ಹೋಪನ" ಎಂದಳು. ಹಾಡುವವಳ ಗಂಡ ಬಸ್ಸಿನಿಂದ ಇಳಿದರೆ ಏನು ಚೆಂದ ಎಂದು ನಾನೇ ಹಟ ಹಿಡಿದೆ. ಹೊಸ ಶಾಲನ್ನೂ ಹೊದ್ದುಕೊಂಡಿದ್ದೆ.

ಶಿರಸಿ ದಾಟಿತು. ಕಾಡು ಶುರುವಾಯಿತು. ಏರು ಬಂತು. ಕಾರು ಕೆಮ್ಮಿತು.

ನಾನು ಇಳಿದು ಪೈಪು ಊದಿದೆ, ಬ್ಯಾಟರಿ ಉಜ್ಜಿದೆ, ಸುಮನಾ ನೋಡದ ಕಡೆಯಿಂದ ಟೈರಿಗೆ ಒದ್ದೆ. ಏನೂ ಆಗಲಿಲ್ಲ. ಅವಳು ಬಯ್ದಿದ್ದರೆ ಎಷ್ಟೋ ಸಮಾಧಾನವಿತ್ತು. ಸುಮ್ಮನೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. "ಹೋಪಲೆ ಆಗದ್ರೆ ಬೇಡ ಬಿಡಿ. ನಂಗೂ ಹೆದ್ರಿಕೆನೇ ಆಗಿತ್ತು" ಎಂದಳು. ಆ ಮಾತು ಕೇಳಿ ನಾನು ಮತ್ತೆ ಬ್ಯಾಟರಿ ಉಜ್ಜತೊಡಗಿದೆ.

ಅಷ್ಟರಲ್ಲಿ ಕಟ್ಟಿಗೆ ತುಂಬಿದ ಲಾರಿಯೊಂದು ನಿಂತಿತು. ಹಾವೇರಿ ಕಡೆಯ ಡ್ರೈವರ್ ಬಸವರಾಜ ಇಳಿದು ಬಂದ. ಪ್ಲಗ್ಗಿನ ವಯರೊಂದನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿಯಲು ನನಗೆ ಕೊಟ್ಟ. "ನೀವು ಹಿಡೀರಿ ಸರ. ಅಕ್ಕಾರ, ನೀವು ಕೀಲಿ ತಿರುವ್ರಿ."

ನಾನು ಕಣ್ಣು ಮುಚ್ಚಿ ಹಿಡಿದೆ. ಏನೂ ಆಗಲಿಲ್ಲ. "ಶಾಕ್ ಹೊಡೆಯಲಿಲ್ಲ!" ಎಂದು ಸಂತೋಷದಿಂದ ಕೂಗಿದೆ.

"ಅದ ನೋಡ್ರಿ ತ್ರಾಸು" ಎಂದ ಬಸವರಾಜ. "ಕಿಡಿನ ಬರವಲ್ದು. ಎಲ್ಲಿ ಹೋಗೈತಿ ಅಂತ ಹುಡುಕಬೇಕು."

ಆಗ ಸುಮನಾ ಕಾರಿನಿಂದ ಇಳಿದಳು. "ಆನು ಒಂದು ಹೇಳ್ತೆ, ನಗಬೇಡಿ. ಇದನ್ನ ಇಷ್ಟು ದಿನ ಯಾರೂ ರಿಪೇರಿ ಮಾಡಿದ್ವಿಲ್ಲೆ. ಬಿಸಿ ಆದ್ರೆ ನಿಲ್ತು, ತಣ್ಣಗಾದ್ರೆ ಹೊರಡ್ತು. ಎಲ್ಲರೂ ತಣ್ಣಗಪ್ಪ ಹೊತ್ತಿಗೆ ಕೈ ಹಾಕಿದ್ದು, ಅಷ್ಟೇಯ."

ಬಸವರಾಜ ತಟ್ಟನೆ ತಿರುಗಿ, ಎಂಜಿನ್ನಿನ ಪಕ್ಕದ ಬಾಟಲಿಯಂಥ ಕಪ್ಪು ಡಬ್ಬಿಯನ್ನು ಮುಟ್ಟಿ, ಅಷ್ಟೇ ಬೇಗ ಕೈ ತೆಗೆದ. "ಅಕ್ಕಾರು ಖರೇ ಹೇಳಿದ್ರು ನೋಡ್ರಿ. ಕಿಡಿ ಹುಟ್ಟಿಸೋ ಕಾಯಿಲ್ ಇದು. ಕಾದು ಹಂಚಾಗೈತಿ. ಒದ್ದಿ ಬಟ್ಟಿ ಸುತ್ರಿ."

ಬಟ್ಟೆ ಎಲ್ಲಿಂದ ತರುವುದು? ಇಬ್ಬರೂ ನನ್ನ ಹೆಗಲನ್ನೇ ನೋಡಿದರು.

ಲಾರಿಯ ಕ್ಯಾನಿನ ನೀರಿನಲ್ಲಿ ಶಾಲು ನೆನೆಯಿತು. ಬಸವರಾಜ ಕಿತ್ತ ವಯರನ್ನು ಪ್ಲಗ್ಗಿಗೆ ಮತ್ತೆ ಸಿಕ್ಕಿಸಿ, ಕಾಯಿಲಿನ ವಯರಿರುವ ತುದಿಗೆ ನೀರು ತಾಗದ ಹಾಗೆ ಶಾಲನ್ನು ಅದಕ್ಕೆ ಸುತ್ತಿದ. ಜ್ವರದ ಮಗುವಿನ ಹಣೆಗೆ ಪಟ್ಟಿ ಹಾಕಿ ಕೂತವರಂತೆ ಮೂವರೂ ಕಾದೆವು. ಕಾರು ಹೊರಟಿತು. ಹಳ್ಳ ಕಂಡಲ್ಲೆಲ್ಲ ನಿಲ್ಲಿಸಿ ಶಾಲಿಗೆ ನೀರು ಕುಡಿಸುತ್ತ ಯಲ್ಲಾಪುರ ತಲುಪಿದೆವು. ಸುಮನಾಳ ಹೆಸರು ಕರೆಯುವುದಕ್ಕೂ ನಾವು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಹೆದರಲು ಅವಳಿಗೆ ಪುರಸೊತ್ತೇ ಸಿಗಲಿಲ್ಲ. ಮೊದಲ ಸ್ವರ ತುಸು ನಡುಗಿತು. ಆಮೇಲೆ ಅವಳು ಹಾಡಿದ ರೀತಿಗೆ, ಅಂಗಿಯ ತುಂಬ ಎಣ್ಣೆ ಕಲೆ ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಕಣ್ಣೊರೆಸಿಕೊಂಡು ಮುಖಕ್ಕೂ ಕಪ್ಪು ಬಳಿದುಕೊಂಡೆ.

ಮರುದಿನ ಇಸ್ಮಾಯಿಲ್ ಭಾಯಿ ಹೊಸ ಕಾಯಿಲ್ ಹಾಕುತ್ತ, "ನಂಗೆ ಹೆಂಗೆ ಗೊತ್ತಾಗ್ಬೇಕು ಮಾರಾಯ್ರೆ? ನಿಮ್ಮ ಗಾಡಿ ನನ್ನ ಹತ್ರ ಯಾವಾಗ್ಲೂ ಆರಾಮಾಗೇ ಬರ್ತಿತ್ತಲ್ಲ!" ಎಂದರು. ಅಂದಿನಿಂದ ಕಾರು ನಿಂತಿಲ್ಲ.

ರೋಗ ಸಿಕ್ಕಿದ್ದು ಹೇಗೆ ಎಂದು ಊರಿನಲ್ಲಿ ಕೇಳುವವರು ಬಹಳ. ಮೊದಮೊದಲು "ಸುಮನಾ ಕಂಡುಹಿಡಿದಳು" ಎನ್ನುತ್ತಿದ್ದೆ. ಹೇಳುತ್ತ ಹೇಳುತ್ತ ಅದು "ನಾವು ಕಂಡುಹಿಡಿದೆವು" ಎಂದಾಯಿತು. ಮೊನ್ನೆ ಪೇಟೆಯ ಅಂಗಡಿಯೆದುರು ನಾಲ್ಕು ಜನರ ನಡುವೆ ನಿಂತು "ಆನು ಕಂಡುಹಿಡಿದದ್ದು" ಎನ್ನುತ್ತಿರುವಾಗ ಹಿಂದಿನಿಂದ ಪರಿಚಿತ ದನಿ ಕೇಳಿಸಿತು. ಕೈಚೀಲ ಹಿಡಿದು ಸುಮನಾ ನಿಂತಿದ್ದಳು.

"ಹೌದು" ಎಂದಳು ಎಲ್ಲರಿಗೂ ಕೇಳುವ ಹಾಗೆ. "ಇನ್ನು ಸ್ವಲ್ಪ ದಿನ ಹೋದ್ರೆ ಯಲ್ಲಾಪುರದಲ್ಲಿ ಹಾಡಿದ್ದೂ ಇವ್ರೇಯ."